ಮನೆಗೆ ಹೋಗದ ಮಾಸ್ತರರು

ನಮ್ಮಪ್ಪ ನನ್ನನ್ನು ಹೈದರಾಬಾದಿನ ಕ್ಯಾಥೊಲಿಕ್ ಬ್ರದರ್‌ಗಳ ಶಾಲೆಗೆ ಹಾಕಿದ್ದಕ್ಕೆ ಮೂಲ ಕಾರಣ ಉರ್ದು.

ಅಪ್ಪ ಹುಟ್ಟಿದ್ದು ನಿಜಾಮನ ಕಾಲದ ಶಹಾಬಾದಿನಲ್ಲಿ. ಆಗಿನ ಶಾಲೆಗಳಿಗೆ ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಅಂತ ಹೆಸರು. ನಾವೀಗ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಅನ್ನುತ್ತೇವಲ್ಲ, ಹಾಗೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ, ಶಾಲೆಯಲ್ಲಿ ಪುಸ್ತಕದ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆಯನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಉರ್ದು ಚೆನ್ನಾಗಿ ಬಂದರೆ ತಹಸೀಲಿನಲ್ಲಿ ನೌಕರಿ ಗ್ಯಾರಂಟಿ ಅಂತ ನಮ್ಮ ಮುತ್ಯಾ ನಂಬಿದ್ದ. ಅಪ್ಪ ವಸ್ತಾನಿಯಾ ಮುಗಿಸುವ ಹೊತ್ತಿಗೆ 1948ರ ಸೆಪ್ಟೆಂಬರ್ ಬಂತು, ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ಆಳ್ವಿಕೆ ಹೋಯಿತು. ಮುಂದೆ 1956ರ ನವೆಂಬರ್ 1ಕ್ಕೆ ಕಲಬುರಗಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳ ಭಾಷೆಯೇ ಬದಲಾಯಿತು. ಅಪ್ಪ ಕಷ್ಟಪಟ್ಟು ಕಲಿತ ಉರ್ದು ಯಾವ ನೌಕರಿಗೂ ಬರಲಿಲ್ಲ. ಕೊನೆಗೆ ಒಂದು ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಡಿಪೋದಲ್ಲಿ ಲೆಕ್ಕ ಬರೆಯಲು ಕುಳಿತರು.

ಉರ್ದು ಪೂರ್ತಿ ದಂಡವಾಯಿತು ಅಂತಲ್ಲ. ಹೊಲದ ತಕರಾರು ಇದ್ದವರು ಹಳೆಯ ಕಾಗದ ಹಿಡಿದು ಇವತ್ತಿಗೂ ಕಲಬುರಗಿ, ಬೀದರ್ ಕೋರ್ಟುಗಳ ಸುತ್ತ ಉರ್ದು ಓದುವವರನ್ನು ಹುಡುಕುತ್ತಾರೆ. ಅಪ್ಪ ಇರುವವರೆಗೂ ಅಂಥವರು ರವಿವಾರ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಮಡಿಕೆಯಲ್ಲಿ ಹರಿದ ಕಾಗದವನ್ನು ತಾಟಿನ ಮೇಲೆ ಜೋಡಿಸಿಕೊಂಡು, ನಂಬರು, ಚಕ್ಕುಬಂದಿ, ಹೆಸರು ಎಲ್ಲ ಓದಿ ಹೇಳುತ್ತಿದ್ದರು. ರೊಕ್ಕ ತಗೊಳ್ಳುತ್ತಿರಲಿಲ್ಲ. ಅವರು ಹೋದ ಮೇಲೆ ಮಾತ್ರ ಒಂದು ಮಾತು ಬರುತ್ತಿತ್ತು: "ರಾಜ ಬದಲಾದ್ರ ಭಾಷಾನೂ ಬದಲಾಗ್ತದ. ಯಾವ ರಾಜ ಬಂದ್ರೂ ನಡಿಯೋ ಭಾಷಾ ಕಲೀಬೇಕು ನೀ."

ಆ ಭಾಷೆ ಇಂಗ್ಲಿಷ್ ಅಂತ ಅವರು ತೀರ್ಮಾನಿಸಿದ್ದರು. ಅದನ್ನು ಕಲಿಸುವ ಊರು ಹೈದರಾಬಾದು ಅನ್ನುವುದಂತೂ ತೀರ್ಮಾನಿಸುವ ಸಂಗತಿಯೇ ಆಗಿರಲಿಲ್ಲ. ನಮ್ಮ ಕಡೆಯವರಿಗೆ ಬೆಂಗಳೂರು ಆಗಿನ್ನೂ ಫೈಲು ಹೋಗುವ ಊರು. ದೊಡ್ಡ ದವಾಖಾನೆ, ಮದುವೆ ಜವಳಿ, ಮೇಲಿನ ಓದು, ಮೂರಕ್ಕೂ ಹೈದರಾಬಾದೇ.

ಹೀಗೆ 1984ರ ಜೂನಿನಲ್ಲಿ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಹೋದೆವು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ದುಡ್ಡಿನಲ್ಲಿ ಹಳಿ ಹಾಕಿ ಗಾಡಿ ಬಿಟ್ಟದ್ದು 1874ರಲ್ಲಿ. ನಮ್ಮೂರಿನ ಕಲ್ಲೂ ಅದೇ ಹಳಿಯ ಮೇಲೆ ಆ ಊರಿಗೆ ಹೋಗಿ ಬಿದ್ದಿತ್ತು. ಶಾಲೆಯ ಉದ್ದನೆ ವರಾಂಡದಲ್ಲಿ ಕಾಲಿಟ್ಟಾಗ ಕೆಳಗೆ ನೋಡಿದರೆ ಶಹಾಬಾದಿ ಪರ್ಸಿ. ಅಪ್ಪ ಬಗ್ಗಿ ಬೆರಳಿನ ಗಂಟಿನಿಂದ ಒಂದು ಕಲ್ಲು ಬಡಿದು ಸಪ್ಪಳ ಕೇಳಿದರು. ಟೊಳ್ಳು ಸದ್ದು ಬಂದರೆ ಕೆಳಗೆ ಗಚ್ಚು ಸರಿ ಬಿದ್ದಿಲ್ಲ ಅಂತ ಅರ್ಥ. "ಛಲೋ ಕೂಡಿಸ್ಯಾರ" ಅಂದರು. ಅಡ್ಮಿಶನ್ನಿಗೆ ಬಂದ ತಂದೆ ನೆಲ ಬಡಿಯುವುದನ್ನು ಆಫೀಸಿನ ಬಾಗಿಲಲ್ಲಿ ನಿಂತಿದ್ದ ಬಿಳಿ ನಿಲುವಂಗಿಯ ಮನುಷ್ಯ ನೋಡುತ್ತಿದ್ದ. ನಗಲಿಲ್ಲ. ಬಂದು ತಾನೂ ಇನ್ನೊಂದು ಕಲ್ಲು ಬಡಿದ.

ಆ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿಯ ಕೆಲವು ಸಂಗತಿ ಮುಂದೆ ಹೇಳುವವನಿದ್ದೇನೆ, ಕಲಿಸಿದವರಲ್ಲಿ ಕೆಲವರು ಇನ್ನೂ ಇದ್ದಾರೆ. ಗನ್‌ಫೌಂಡ್ರಿಯ ಆಲ್ ಸೇಂಟ್ಸ್ ಅಲ್ಲ ಅಂತಷ್ಟೇ ಹೇಳಬಲ್ಲೆ, ಯಾಕಂದರೆ ಅದು ನಮ್ಮ ಹೊಟ್ಟೆಯುರಿಯಾಗಿತ್ತು. ನಾನು ಸೇರಿದ ವರ್ಷವೇ ಆ ಶಾಲೆಯಲ್ಲಿ ಓದಿದ ಮೊಹಮ್ಮದ್ ಅಜರುದ್ದೀನ್ ಇಂಗ್ಲೆಂಡಿನ ವಿರುದ್ಧ ತನ್ನ ಮೊದಲ ಮೂರು ಟೆಸ್ಟುಗಳಲ್ಲೂ ಒಂದೊಂದು ಶತಕ ಬಾರಿಸಿದ. ಆಮೇಲೆ ಅಂತರಶಾಲಾ ಮ್ಯಾಚಿಗೆ ಅವರ ಟೀಮು ಬಂದರೆ ಟಾಸಿಗೆ ಮುಂಚೆಯೇ ನಾವು ಅರ್ಧ ಸೋತಿರುತ್ತಿದ್ದೆವು.

ಊರಲ್ಲಿ ನಮಗೆ ಬಿಳಿ ನಿಲುವಂಗಿ ಹಾಕಿದವರೆಲ್ಲ ಫಾದರ್. ಇಲ್ಲಿ ಹಾಗಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಚರ್ಚಿನ ಪೂಜೆ ಮಾಡಿಸುವುದು, ಮದುವೆ ಮಾಡಿಸುವುದು, ಪಾಪನಿವೇದನೆ ಕೇಳುವುದು ಫಾದರ್ ಅಂದರೆ ಗುರುಗಳ ಕೆಲಸ. ಬ್ರದರ್ ಅದ್ಯಾವುದನ್ನೂ ಮಾಡುವಂತಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ ಹಿಡಿದು ಮಠದಲ್ಲಿ ಇರುತ್ತಾನೆ, ಪಾಠ ಮಾಡುತ್ತಾನೆ, ಅಷ್ಟೇ. ನಮ್ಮ ಬ್ರದರ್‌ಗಳು ತಮ್ಮ ಬೆಳಗಿನ ಪೂಜೆಗೂ ಹೊರಗಿನಿಂದ ಬರುವ ಫಾದರ್‌ಗೆ ಕಾಯಬೇಕಿತ್ತು. ಮಳೆಗಾಲದಲ್ಲಿ ಆತನ ಸ್ಕೂಟರ್ ಚಾಲೂ ಆಗದಿದ್ದರೆ ಅವತ್ತು ಪೂಜೆಯೇ ಇಲ್ಲ. ಪಾಠ ಮಾತ್ರ ಇದ್ದೇ ಇರುತ್ತಿತ್ತು.

ಹೀಗೆ ಯಾಕೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ನಾನೇ ಮಾಸ್ತರನಾದಾಗ. ಫ್ರಾನ್ಸಿನ ರೇಮ್ಸ್ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಶ್ರೀಮಂತರ ಮನೆಯವನು, ಸ್ವತಃ ಗುರು. ಬಡ ಹುಡುಗರಿಗೆ ಕಲಿಸುತ್ತಿದ್ದ ಮಾಸ್ತರರ ಪಾಡು ನೋಡಿದ. ಅವರಿಗೆ ಸರಿಯಾದ ಕೂಳಿಲ್ಲ, ಮರ್ಯಾದೆ ಇಲ್ಲ, ಕಲಿಸುವ ಬಗೆಯೂ ಗೊತ್ತಿಲ್ಲ. ಅವರನ್ನು ತನ್ನ ಮನೆಗೇ ಕರೆದು ಊಟಕ್ಕೆ ಕೂರಿಸಿದ. ಮನೆಯವರು ಸಿಟ್ಟಾದರು. 1680ರ ಸುಮಾರಿಗೆ ಆ ಗುಂಪೇ ಒಂದು ಸಭೆ, ಅಂದರೆ ಒಟ್ಟಿಗೆ ಬಾಳುವ ಬ್ರದರ್‌ಗಳ ಸಂಘ, ಆಯಿತು. ಮುಂದೆ ಬರ ಬಿದ್ದಾಗ ತನ್ನ ಆಸ್ತಿಯನ್ನೂ ಹಸಿದವರಿಗೆ ಹಂಚಿಬಿಟ್ಟ. ತನ್ನ ಸಭೆಯ ಮಾಸ್ತರರು ಗುರುಗಳಾಗಬಾರದು, ಲ್ಯಾಟಿನ್ನಿನ ಗೊಡವೆಗೂ ಹೋಗಬಾರದು ಅಂತ ನಿಯಮ ಮಾಡಿದ. ಗುರುವಾದರೆ ಗಮನ ಗುಡಿಯ ಕಡೆ ಹೋಗುತ್ತದೆ, ಪಾಠ ಎರಡನೆಯದಾಗುತ್ತದೆ ಅನ್ನುವುದು ಲೆಕ್ಕ. ಹುಡುಗರಿಗೆ ಮೊದಲು ಫ್ರೆಂಚ್ ಅಂದರೆ ಮನೆಮಾತಿನಲ್ಲಿ ಓದು ಕಲಿಸಿದ. ಒಬ್ಬೊಬ್ಬನನ್ನೇ ಕರೆದು ಪಾಠ ಹೇಳುವ ಬದಲು ಒಂದೇ ಮಟ್ಟದವರನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿಯನ್ನು ಗಟ್ಟಿ ಮಾಡಿದ. ಇವತ್ತು ನಾವು ತರಗತಿ ಅನ್ನುವುದಕ್ಕೆ ಆತನ ಋಣ ಬಹಳ ಇದೆ. ಕ್ಯಾಥೊಲಿಕ್ ಚರ್ಚು 1950ರಲ್ಲಿ ಆತನನ್ನು ಶಿಕ್ಷಕರೆಲ್ಲರ ಪಾಲಕ ಸಂತ ಅಂತ ಘೋಷಿಸಿತು.

ಇದೇ ಜಾಡಿನಲ್ಲಿ ಆಮೇಲೆ ಎಷ್ಟೋ ಸಭೆಗಳು ಹುಟ್ಟಿದವು. ಐರ್ಲೆಂಡಿನ ವಾಟರ್‌ಫರ್ಡಿನಲ್ಲಿ ಎಡ್ಮಂಡ್ ರೈಸ್ ಅನ್ನುವ ವ್ಯಾಪಾರಿ, ಹೆಂಡತಿ ತೀರಿಕೊಂಡ ಮೇಲೆ, 1802ರಲ್ಲಿ ಬಡ ಹುಡುಗರಿಗೆ ಶಾಲೆ ತೆರೆದ. ಅದರಿಂದ ಕ್ರಿಶ್ಚಿಯನ್ ಬ್ರದರ್ಸ್ ಬಂದರು. ಫ್ರಾನ್ಸಿನ ಸೇಂಟ್ ಗೇಬ್ರಿಯಲ್ ಬ್ರದರ್‌ಗಳು 1903ರಲ್ಲಿ ತಮಿಳು ಸೀಮೆಯ ತಿಂಡಿವನಂಗೆ ಬಂದಿಳಿದರು. ಹೈದರಾಬಾದಿನ ಆಲ್ ಸೇಂಟ್ಸ್, ಲಿಟಲ್ ಫ್ಲವರ್ ಶಾಲೆಗಳು ಅವರವೇ. ಮಂಗಳೂರಿನಲ್ಲಿ 1880ರಲ್ಲಿ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿತ್ ಸಭೆಯವರ ದಾರಿ ಬೇರೆ, ಅವರಲ್ಲಿ ಹೆಚ್ಚಿನವರು ಗುರುಗಳೇ. ಇಟಲಿಯ ತೂರಿನ್ನಿನ ಡಾನ್ ಬಾಸ್ಕೊ ಮಂದಿಯೂ ಬೇರೆ. ಅವರಿಗೆ ತರಗತಿಯಷ್ಟೇ ಆಟದ ಬಯಲೂ ಮುಖ್ಯ. ಹೊರಗಿನವರಿಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ನಮ್ಮ ವಾರ್ಡನ್ ಬ್ರದರ್ ಕೇರಳದವರು. ಹಾಸ್ಟೆಲಿನ ಹುಡುಗರು ಇಟ್ಟ ಹೆಸರು 'ಚಾವಿ'. ಸೊಂಟದ ಪಟ್ಟಿಗೆ ಚಾವಿ ಗೊಂಚಲು ನೇತಾಡುತ್ತಿತ್ತು, ಆ ಸಪ್ಪಳ ಕೇಳಿಯೇ ನಾವು ಇಸ್ಪೀಟ್ ಎಲೆ ಮುಚ್ಚಿಡುತ್ತಿದ್ದದ್ದು. ಅವರ ಕೋಣೆ ನಮ್ಮ ಡಾರ್ಮಿಟರಿಯ ಕೊನೆಗೆ, ನಡುವೆ ಒಂದು ಪರದೆ ಅಷ್ಟೇ. ಮುಂಜಾನೆ ನಾವು ಏಳುವ ಮೊದಲೇ ಅವರ ಪ್ರಾರ್ಥನೆ ಮುಗಿದಿರುತ್ತಿತ್ತು. ರಾತ್ರಿ ಸ್ಟಡಿ ಮುಗಿಸಿ ನಾವು ಮಲಗಿದ ಮೇಲೂ ವರಾಂಡದ ಬಲ್ಬಿನ ಕೆಳಗೆ ಗಣಿತದ ನೋಟುಬುಕ್ಕುಗಳ ಗುಡ್ಡೆ ಇಟ್ಟುಕೊಂಡು ಕೂತಿರುತ್ತಿದ್ದರು. ಉತ್ತರ ತಪ್ಪಾದರೆ ಅಡ್ಡಗೆರೆ ಎಳೆಯುತ್ತಿರಲಿಲ್ಲ. ತಪ್ಪು ಶುರುವಾದ ಸಾಲಿಗೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಅಲ್ಲಿಂದ ಮುಂದೆ ನಾವೇ ಹುಡುಕಬೇಕು. ಈಗ ನಾನೂ ಹಾಗೇ ಚುಕ್ಕೆ ಇಡುತ್ತೇನೆ, ನನ್ನ ಹುಡುಗರಿಗೆ ಅದರ ಮೇಲೆ ಸಿಟ್ಟು ಅದ.

ಶನಿವಾರ ಮಧ್ಯಾಹ್ನ ಅವರದು ಮೋಚಿ ಕೆಲಸ. ಫುಟ್‌ಬಾಲಿನ ಹೊಲಿಗೆ ಬಿಟ್ಟರೆ ಬಜಾರಕ್ಕೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕಾಲು ಚಾಚಿ, ಚೆಂಡನ್ನು ಎರಡು ಮೊಣಕಾಲ ನಡುವೆ ಅವುಚಿ, ಮೇಣ ಸವರಿದ ದಾರವನ್ನು ದಬ್ಬಣದಿಂದ ಎರಡೂ ಕಡೆಯಿಂದ ಎಳೆದು ಬಿಗಿಯುತ್ತಿದ್ದರು. ಪಕ್ಕದಲ್ಲಿ ಕೂತವನು ಬ್ಲಾಡರನ್ನು ಬಕೆಟಿನ ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ ಹೇಳಬೇಕು. ಆ ಹೊತ್ತಿನಲ್ಲಿ ಏನು ಕೇಳಿದರೂ ಉತ್ತರ ಸಿಗುತ್ತಿತ್ತು. ನಿಮ್ಮ ಅವ್ವ ಅಪ್ಪ ಎಲ್ಲಿದ್ದಾರೆ, ನೀವ್ಯಾಕೆ ಮದುವೆ ಆಗಲಿಲ್ಲ, ಸಂಬಳ ಎಷ್ಟು, ಎಲ್ಲ ಕೇಳಿದ್ದೇವೆ. ಸಂಬಳ ಶಾಲೆಯ ಲೆಕ್ಕದಿಂದ ನೇರ ಸಭೆಯ ಲೆಕ್ಕಕ್ಕೆ ಹೋಗುತ್ತದೆ, ನನ್ನ ಕೈಗೆ ಬರುವುದಿಲ್ಲ ಅಂದಿದ್ದರು. ಹೊಸ ಚಪ್ಪಲಿ ಬೇಕಾದರೂ ಹಿರಿಯ ಬ್ರದರನ್ನು ಕೇಳಬೇಕಂತೆ. ನಮಗೆ ಅದು ಜೋಕು. ನಮ್ಮ ಹಾಗೇ ಇವರಿಗೂ ಪಾಕೆಟ್ ಮನಿ!

ಕನ್ನಡದ ಮಾತಿಗೆ ಬರುತ್ತೇನೆ. ಅಲ್ಲಿ ಕನ್ನಡ ಇರಲಿಲ್ಲ. ತೆಲುಗು, ಹಿಂದಿ, ಉರ್ದು ಇದ್ದವು. ಅಪ್ಪ ಉರ್ದು ಬೇಡವೆಂದು ಹಿಂದಿ ಹಾಕಿಸಿದರು. ನನ್ನ ಕನ್ನಡ ಉಳಿದದ್ದು ಇನ್‌ಲ್ಯಾಂಡ್ ಲೆಟರಿನಲ್ಲಿ. ಅವ್ವನಿಗೆ ಓದಲು ಬಾರದು, ಅಕ್ಕ ಓದಿ ಹೇಳುತ್ತಿದ್ದಳು. ಹಾಸ್ಟೆಲಿನ ಕಾಗದವನ್ನು ಅಂಟಿಸದೆ ವಾರ್ಡನ್ ಕೈಗೆ ಕೊಡಬೇಕು, ಅವರು ನೋಡಿ ಡಬ್ಬಿಗೆ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ಪಾಪ "ನಾನು ಕ್ಷೇಮ, ಇಲ್ಲಿ ಊಟ ಚೆನ್ನಾಗಿದೆ" ಅಂತಲೇ ಬರೆಯಬೇಕಿತ್ತು. ನನಗೆ ಆ ಭಯವಿಲ್ಲ. ಅನ್ನದಲ್ಲಿ ಹುಳ, ಸಾರಿನಲ್ಲಿ ನೀರು, ರೊಟ್ಟಿಯ ಮುಖ ನೋಡಿ ಎಷ್ಟು ದಿನವಾಯಿತು, ಎಲ್ಲ ಧಾರಾಳ ಬರೆದು ಕೊಡುತ್ತಿದ್ದೆ. ಚಾವಿ ಬ್ರದರ್ ಒಂದು ಸಲ ಕಣ್ಣಾಡಿಸಿ, ನಾಲಿಗೆಗೆ ಒರೆಸಿ ಅಂಟಿಸಿ ಒಗೆಯುತ್ತಿದ್ದರು.

ಒಂದು ರವಿವಾರ ರಾತ್ರಿ ಊಟಕ್ಕೆ ಜೋಳದ ರೊಟ್ಟಿ ಬಂತು. ಅಡಿಗೆಯವಳು ತಾಂಡೂರು ಕಡೆಯವಳು, ಕೈಯಲ್ಲೇ ತಟ್ಟಿದ್ದಳು, ಜೊತೆಗೆ ಗೊಂಗೂರ, ನಮ್ಮ ಪುಂಡಿಪಲ್ಯವೇ. ಆಮೇಲೆ ಅದು ತಿಂಗಳಿಗೊಮ್ಮೆ ಕಾಯಂ ಆಯಿತು. ಬ್ರದರ್ ಹೈದರಾಬಾದಿಗೆ ಬರುವ ಮೊದಲು ಆಂಧ್ರದ ಹಳ್ಳಿಗಳಲ್ಲಿ ತೆಲುಗಿನಲ್ಲೇ ಪಾಠ ಮಾಡಿದವರು ಅಂತ ನನಗೆ ಗೊತ್ತಾದದ್ದು ಮುಂದಿನ ವರ್ಷ. ತೆಲುಗು ಅಕ್ಷರ ಬಲ್ಲವನಿಗೆ ಕನ್ನಡದಲ್ಲಿ 'ರೊಟ್ಟಿ' ಓದಲು ಎಷ್ಟು ಹೊತ್ತು ಬೇಕು? ಹುಳದ ವಿಷಯ ಓದಿದರೋ ಇಲ್ಲವೋ, ಆ ಬಗ್ಗೆ ಅವರೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಅಕ್ಕಿ ಮಾತ್ರ ಹಾಗೇ ಇತ್ತು.

ಮುತ್ಯಾನಿಗೆ ಇದ್ದ ಭಯ ಬೇರೆ. "ಕಿರಸ್ತಾನ ಮಾಡಿ ಕಳಸ್ತಾರ ನೋಡು" ಅನ್ನುತ್ತಿದ್ದ. ಅವನ ಸಮಾಧಾನಕ್ಕಾಗಿ ನನ್ನ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇತ್ತು. ಮೊದಲ ದಿನ ಸ್ನಾನದ ಸಾಲಿನಲ್ಲಿ ನಿಂತಾಗ ಚಾವಿ ಬ್ರದರ್ ಅದನ್ನು ನೋಡಿ ಏನು ಅಂತ ಕೇಳಿದರು. ನನ್ನ ಹರಕು ಇಂಗ್ಲಿಷಿನಲ್ಲಿ "ಗಾಡ್, ಸರ್" ಅಂದೆ. ದಿನಾ ಪೂಜೆ ಮಾಡುತ್ತೀಯಾ ಅಂದರು. ಹೂಂ ಅಂದೆ. ಮಾಡುತ್ತಿರಲಿಲ್ಲ. ಮರುದಿನದಿಂದ, ಕ್ಯಾಥೊಲಿಕ್ ಹುಡುಗರು ಚಾಪೆಲಿಗೆ ಹೋಗುವ ಹೊತ್ತಿಗೆ ನನ್ನನ್ನು ಎಬ್ಬಿಸಿ ಡಾರ್ಮಿಟರಿಯ ಮೂಲೆಯ ಕಿಟಕಿಯ ಹತ್ತಿರ ಕೂರಿಸತೊಡಗಿದರು. ಹೀಗೆ ಊರಲ್ಲಿ ಮುತ್ಯಾನ ಬೈಗುಳಕ್ಕೂ ಬಗ್ಗದ ನಾನು ಹೈದರಾಬಾದಿನಲ್ಲಿ ಒಬ್ಬ ಕ್ಯಾಥೊಲಿಕ್ ಬ್ರದರ್ ಕಾಟಕ್ಕೆ ದಿನಾ ಲಿಂಗಪೂಜೆ ಮಾಡುವಂತಾಯಿತು. ಕ್ಯಾಥೊಲಿಕರಿಗೆ ಧರ್ಮೋಪದೇಶದ ಪಿರಿಯಡ್ ಇದ್ದಾಗ ಉಳಿದವರಿಗೆ ಮಾರಲ್ ಸೈನ್ಸ್. ಅಲ್ಲಿ ಸುಳ್ಳು ಹೇಳಬಾರದು ಅಂತ ಓದಿ ಕಾಪಿ ಹೊಡೆದು ಬರೆಯುತ್ತಿದ್ದೆವು.

ಈಗ ಇನ್ನೊಂದು ಮಗ್ಗಲು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ "ಆಗ ಬಿದ್ದ ಏಟಿನಿಂದಲೇ ನಾವು ಮನುಷ್ಯರಾದೆವು" ಅಂತ ದಿನಕ್ಕೊಬ್ಬ ಬರೆಯುತ್ತಾನೆ. ನನಗೆ ಈ ಮಾತು ಕಂಡರೆ ಮೈ ಉರಿಯುತ್ತದೆ. ಅಲ್ಲಿ ಇನ್ನೊಬ್ಬ ಬ್ರದರ್ ಇದ್ದರು, ಮೇಲಿನ ಕ್ಲಾಸಿಗೆ ಕಲಿಸುವವರು. ಅವರ ಕೈಯಲ್ಲಿ ಬೆತ್ತ ಎಂದರೆ ಬೆತ್ತವೇ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವನ ಕೈಗೆ ಒಂದು ಮರದ ಬಿಲ್ಲೆ ಕೊಡುತ್ತಿದ್ದರು. ಅವನು ಇನ್ನೊಬ್ಬನ ಬಾಯಲ್ಲಿ ತೆಲುಗೋ ಉರ್ದುವೋ ಕೇಳಿಸಿಕೊಂಡು ಅದನ್ನು ದಾಟಿಸಬೇಕು. ಸಂಜೆ ಬಿಲ್ಲೆ ಯಾರ ಕೈಯಲ್ಲಿ ಉಳಿಯುತ್ತದೋ ಅವನಿಗೆ ಏಟು. ಇದರಿಂದ ನಾವು ಕಲಿತದ್ದು ಇಂಗ್ಲಿಷ್ ಅಲ್ಲ, ಗೆಳೆಯನ ಬಾಯಿ ಕಾಯುವುದು. ನಮ್ಮ ಬೆಂಚಿನ ಒಬ್ಬ ಹುಡುಗನ ಅಂಗೈ ಬಾತು ಪೆನ್ಸಿಲ್ ಹಿಡಿಯಲಾಗದೆ ಪರೀಕ್ಷೆಯಲ್ಲಿ ಸುಮ್ಮನೆ ಕೂತು ಎದ್ದ. ಯಾರಿಗೆ ಹೇಳುವುದು? ಅಪ್ಪ ಅವ್ವ ಒಂದು ರಾತ್ರಿಯ ದೂರದಲ್ಲಿದ್ದಾರೆ. ಹೊಡೆದವನೂ ಅಲ್ಲೇ ಇರುವವನು, ದೂರು ಕೇಳಬೇಕಾದವನೂ ಅವನ ಜೊತೆಗೇ ಊಟಕ್ಕೆ ಕೂರುವವನು. ಚಾವಿ ಬ್ರದರ್ ಆ ಹುಡುಗನ ಕೈಗೆ ಅರಿಸಿನ ಎಣ್ಣೆ ಹಚ್ಚಿದರು. ಹೊಡೆದವರಿಗೆ ಏನಾದರೂ ಅಂದರೋ ಇಲ್ಲವೋ, ನಮಗಂತೂ ಕೇಳಿಸಲಿಲ್ಲ.

ಐರ್ಲೆಂಡಿನಲ್ಲಿ 2009ರಲ್ಲಿ ರಯಾನ್ ಆಯೋಗದ ವರದಿ ಬಂದಾಗ ಪೇಪರಿನಲ್ಲಿ ಓದಿ ನನಗೆ ಆ ಅಂಗೈಯೇ ಕಣ್ಣೆದುರು ಬಂತು. ಅದು ದಿಕ್ಕಿಲ್ಲದ, ಬಡ ಮಕ್ಕಳನ್ನು ಸರ್ಕಾರವೇ ಕಳಿಸುತ್ತಿದ್ದ ವಸತಿ ಸಂಸ್ಥೆಗಳ ಕಥೆ. ಅವುಗಳಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ನಡೆಸುತ್ತಿದ್ದವು ಬಹಳ. ಹೊಡೆತ ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು, ಗಂಡುಮಕ್ಕಳ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಬೇರುಬಿಟ್ಟಿತ್ತು ಅಂತ ಆಯೋಗ ಐದು ಸಂಪುಟಗಳಲ್ಲಿ ಬರೆಯಿತು. ಬಡ ಹುಡುಗರಿಗಾಗಿ ಎಡ್ಮಂಡ್ ರೈಸ್ ಕಟ್ಟಿದ ಸಭೆ ಅದು! ನಮ್ಮ ಶಾಲೆಗೂ ಅದಕ್ಕೂ ಸಾಟಿ ಕಟ್ಟುತ್ತಿಲ್ಲ. ಮನೆಯೇ ಇಲ್ಲದ ಮನುಷ್ಯನ ಕೈಗೆ ಮಕ್ಕಳನ್ನು ಕೊಟ್ಟು ಬಾಗಿಲು ಹಾಕಿಕೊಂಡರೆ, ಚಾವಿ ಬ್ರದರೂ ಆಗಬಹುದು, ಇನ್ನೊಬ್ಬರೂ ಆಗಬಹುದು. ಬಾಗಿಲ ಹೊರಗೆ ಕೇಳುವವರು ಇರಬೇಕು. ಈಗ ಕಾಯ್ದೆ ಇದೆ, 2012ರ ಪೋಕ್ಸೊ ಇದೆ. ನಮಗೆ ಆಗ ಇದ್ದದ್ದು ಇನ್‌ಲ್ಯಾಂಡ್ ಲೆಟರ್ ಒಂದೇ.

ಇನ್ನೊಂದು ಸಣ್ಣ ನಷ್ಟ. ಏಳು ತರಗತಿ ಬರೀ ಗಂಡುಹುಡುಗರ ನಡುವೆ ಬೆಳೆದು ಕಲಬುರಗಿಯ ಕಾಲೇಜಿಗೆ ಬಂದಾಗ ಹುಡುಗಿಯೊಬ್ಬಳು "ನೋಟ್ಸ್ ಕೊಡ್ತೀರೇನ್ರಿ" ಅಂತ ಕೇಳಿದ್ದಕ್ಕೆ ಎದ್ದು ನಿಂತು "ಯೆಸ್ ಮಿಸ್" ಅಂದಿದ್ದೆ. ಕಾಲೇಜು ಮುಗಿಯುವವರೆಗೂ ಅದೇ ನನ್ನ ಅಡ್ಡಹೆಸರು.

ಚಾವಿ ಬ್ರದರ್ ಹೋದದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಬ್ರದರ್‌ಗಳಿಗೆ ವರ್ಗಾವಣೆಯ ಚೀಟಿ ಬಂದರೆ ಯಾಕೆ ಎಲ್ಲಿ ಅಂತ ಚೌಕಾಸಿ ಇಲ್ಲ, ವಿಧೇಯತೆಯ ವ್ರತ ಅಂದರೆ ಅದೇ. ಬೇಸಿಗೆ ರಜೆ ಮುಗಿಸಿ ಬಂದಾಗ ಅವರ ಕೋಣೆಯಲ್ಲಿ ಬೇರೆಯವರಿದ್ದರು. ಒಂದು ಟ್ರಂಕು, ಒಂದು ಹೋಲ್ಡಾಲ್ ತಗೊಂಡು ಹೋದರು ಅಂತ ವಾಚ್‌ಮನ್ ಹೇಳಿದ. ದಬ್ಬಣ ಮಾತ್ರ ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಸಿಕ್ಕಿತು, ನಾವು ಅದನ್ನು ಗುಲೇಲಿನ ರಬ್ಬರಿಗೆ ತೂತು ಹಾಕಲು ಬಳಸಿ ಮುರಿದೆವು.

ಕಲಬುರಗಿಯಲ್ಲಿ ಈ ಕಥೆ ಹೇಳಿದರೆ ಹಿರಿಯರಿಗೆ ಏನೂ ಆಶ್ಚರ್ಯ ಅನ್ನಿಸುವುದಿಲ್ಲ. ಮನೆಮಠ ಬಿಟ್ಟ ಮನುಷ್ಯ ಮಕ್ಕಳಿಗೆ ಅನ್ನ ಹಾಕಿ ಓದಿಸುವುದು ನಮಗೆ ಹೊಸದೇನಲ್ಲ. ಶರಣಬಸವೇಶ್ವರರ ದಾಸೋಹದ ನೆಲ ಇದು. ಆ ಸಂಸ್ಥಾನದ ಶಾಲೆ ಕಾಲೇಜುಗಳಲ್ಲಿ ಓದದ ಮನೆ ಊರಲ್ಲಿ ಕಡಿಮೆ. ತುಮಕೂರಿನ ಸಿದ್ಧಗಂಗೆಯಲ್ಲಿ ಉಂಡು ಓದಿ ಬಂದ ಮಾಸ್ತರರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಇನ್ನೂ ಹಿಂದೆ ಹೋದರೆ ಬೀದರಿನ ಮಹಮೂದ್ ಗವಾನನ ಮದರಸಾ. ಇರಾನಿನ ಗಿಲಾನಿನಿಂದ ಬಂದು ಬಹಮನಿಗಳ ವಜೀರನಾದವನು 1472ರಲ್ಲಿ ಅದನ್ನು ಕಟ್ಟಿಸಿದ. ಪಾಠದ ಅಂಗಳದ ಸುತ್ತಲೇ ಕಲಿಸುವವರಿಗೂ ಕಲಿಯುವವರಿಗೂ ಕೋಣೆಗಳು. ಮುಂಭಾಗದ ನೀಲಿ ಹೆಂಚಿನ ಕೆಲಸ ನೋಡಲು ಪ್ರವಾಸಿಗರು ಬರುತ್ತಾರೆ. ನಾನು ನನ್ನ ಹುಡುಗರನ್ನು ಕರೆದುಕೊಂಡು ಹೋದಾಗ ಒಳಗೆ ಹೋಗಿ ಆ ಕೋಣೆಗಳನ್ನೇ ತೋರಿಸುತ್ತೇನೆ. ಹದಿನೇಳನೇ ಶತಮಾನದ ಕೊನೆಗೆ ಔರಂಗಜೇಬನ ಸೈನ್ಯ ಅಲ್ಲಿದ್ದಾಗ ಮದ್ದು ಸಿಡಿದು ಒಂದು ಮಗ್ಗಲೇ ಹಾರಿಹೋಯಿತು. ಉಳಿದ ಕಡೆ ಕಿಟಕಿಯಲ್ಲಿ ಕೂತರೆ ಈಗಲೂ ಗಾಳಿ ಬರುತ್ತದೆ.

ನಾನು ಕಲಬುರಗಿಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ನಾಲ್ಕೂವರೆಗೆ ಗಂಟೆ ಹೊಡೆದರೆ ಸ್ಕೂಟರ್ ತೆಗೆಯುತ್ತೇನೆ. ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯ, ಮಗಳ ಟ್ಯೂಷನ್, ಹೆಂಡತಿಯ ಜೊತೆ ಮನೆಯ ಲೋನಿನ ಮಾತು. ತಪ್ಪೇನೂ ಅಲ್ಲ. ಮಾಸ್ತರನಿಗೂ ಮನೆ ಇರಬೇಕು, ಸಂಬಳ ಅವನ ಕೈಗೇ ಬರಬೇಕು. ಸೇವೆಯ ಹೆಸರಿನಲ್ಲಿ ಅತಿಥಿ ಶಿಕ್ಷಕರಿಗೆ ಪುಡಿಗಾಸು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಸಂಜೆ ಏಳಕ್ಕೆ ಯಾವನೋ ಹುಡುಗನಿಗೆ ಒಂದು ಲೆಕ್ಕ ಹೊಳೆಯದೆ ಕೂತಿದ್ದರೆ ಆ ಹೊತ್ತಿಗೆ ನಾನು ಅಲ್ಲಿಲ್ಲ. ಬ್ರದರ್‌ಗಳ ಶಾಲೆಯ ಗುಟ್ಟು ಇಂಗ್ಲಿಷಿನಲ್ಲಿ ಇತ್ತು ಅಂತ ಅಪ್ಪ ನಂಬಿದ್ದರು. ನನಗೆ ಸಿಕ್ಕ ಇಂಗ್ಲಿಷ್ ಎಷ್ಟೋ ಕಡೆ ಸಿಗುತ್ತಿತ್ತು. ಸಂಜೆ ಏಳರ ಮನುಷ್ಯ ಬೇರೆ ಕಡೆ ಸಿಗುತ್ತಿರಲಿಲ್ಲ.

ಈಗ ಅಲ್ಲೂ ಸಿಗುವುದು ಕಷ್ಟ. ಲಾಸಾಲ್ ಸಭೆಯಲ್ಲೇ 1960ರ ದಶಕದಲ್ಲಿ ಜಗತ್ತಿನಾದ್ಯಂತ ಸುಮಾರು 16,000 ಬ್ರದರ್‌ಗಳಿದ್ದರು. ಈಗ 3,000ದ ಆಸುಪಾಸು, ಅದರಲ್ಲೂ ವಯಸ್ಸಾದವರೇ ಹೆಚ್ಚು. ಹತ್ತು ಮಕ್ಕಳ ಮನೆಯಿಂದ ಒಬ್ಬನನ್ನು ಸಭೆಗೆ ಕೊಡುತ್ತಿದ್ದ ಕೇರಳದ ಮನೆಗಳಲ್ಲಿ ಈಗ ಇರುವುದೇ ಇಬ್ಬರು. ನಮ್ಮ ಶಾಲೆಯಲ್ಲಿ ಹಾಸ್ಟೆಲ್ ಮುಚ್ಚಿ ವರ್ಷಗಳಾದವು. ಶಾಲೆ ಮಾತ್ರ ಭರ್ತಿ. ಫೀಸು ಕೇಳಿದರೆ ನನ್ನಪ್ಪ ವಾಡಿಯಿಂದಲೇ ವಾಪಸ್ ಬರುತ್ತಿದ್ದರು. ಬಡವರಿಗಾಗಿ ಪುಕ್ಕಟೆ ಶುರುವಾದ ಇಂಥ ಶಾಲೆಗಳು, ಆರ್‌ಟಿಇ ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ ಅನ್ನುವ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಆಸರೆಯಲ್ಲಿ ಬಡ ಮಕ್ಕಳ ಕಾಲು ಭಾಗ ಸೀಟು ಕೊಡದೇ ಇರಬಹುದು. ಕಾನೂನಿನ ಪ್ರಕಾರ ಸರಿ. ರೇಮ್ಸಿನ ಆ ಮನುಷ್ಯ ಒಪ್ಪುತ್ತಿದ್ದನೇ ಅಂತ ನನಗೆ ಅನುಮಾನ.

ನಮ್ಮ ಕಡೆ ಕ್ಯಾಥೊಲಿಕರೇ ಕಡಿಮೆ. ಕಲಬುರಗಿ ಧರ್ಮಪ್ರಾಂತ್ಯ ಅಂತ ಬೇರೆಯಾಗಿದ್ದೇ 2005ರಲ್ಲಿ. ಸಂತರ ಹೆಸರಿನ ಶಾಲೆಗಳಿಗೆ ಮಾತ್ರ ಬರವಿಲ್ಲ. ರಿಂಗ್ ರೋಡಿನ ಆಚೀಚೆ ಸೇಂಟ್ ಇಂಥವರು ಅಂತ ಬೋರ್ಡು ಹಾಕಿದವರಲ್ಲಿ ಎಷ್ಟೋ ಮಂದಿ ಬೇಳೆ ಮಿಲ್ಲಿನ ಸಾವಕಾರರು, ಗುತ್ತಿಗೆದಾರರು. ಸಂತ ಯಾವ ದೇಶದವನು ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಟೈ, ಬ್ಲೇಜರ್, ಕನ್ನಡ ಮಾತಾಡಿದರೆ ದಂಡ, ಇಷ್ಟನ್ನು ಸರಿಯಾಗಿ ಕಾಪಿ ಮಾಡಿಕೊಂಡಿದ್ದಾರೆ.

ಹೋದ ಮೇ ತಿಂಗಳು ತಂಗಿಯ ಮಗನನ್ನು ಪಿಯುಸಿಗೆ ಒಂದು ರೆಸಿಡೆನ್ಶಿಯಲ್ ಕಾಲೇಜಿಗೆ ಸೇರಿಸಲು ನಾನೂ ಜೊತೆಗೆ ಹೋದೆ. ಎಸಿ ಕೋಣೆ, ಗಾಜಿನ ಟೇಬಲ್ಲು, ನೀಟ್ ರ‍್ಯಾಂಕ್ ಬಂದವರ ಫೋಟೊ. ಅಡ್ಮಿಶನ್ ನೋಡಿಕೊಳ್ಳುವ ಹುಡುಗ ಹಾಸ್ಟೆಲ್ ತೋರಿಸಿದ. ನೆಲಕ್ಕೆ ಮಿಂಚುವ ಟೈಲ್ಸು. ಎಲ್ಲ ನೋಡಿ ಆದ ಮೇಲೆ ಕೇಳಿದೆ:

"ರಾತ್ರಿ ಹುಡುಗರ ಜೋಡಿ ಇಲ್ಲಿ ಯಾರ್ ಮಲಗ್ತಾರ್ರಿ?"

"ವಾರ್ಡನ್ ಇರ್ತಾರ್ರಿ ಸರ್. ಏಜೆನ್ಸಿಯವ್ರು ಕಳಸ್ತಾರ, ಶಿಫ್ಟ್ ಮ್ಯಾಲ."

"ಅವ್ರು ಪಾಠಾನೂ ಹೇಳ್ತಾರೇನು?"

ಹುಡುಗ ನನ್ನನ್ನು ಒಂದು ಥರ ನೋಡಿದ. "ಇಲ್ರಿ ಸರ್, ಅವ್ರು ಬರೀ ಸೆಕ್ಯೂರಿಟಿ ಇದ್ದಂಗ. ಲೆಕ್ಚರರ್ಸ್ ಸಂಜೀಕ ಹೋಗ್ತಾರ. ಏನ್ ಟೆನ್ಷನ್ ತಗೋಬ್ಯಾಡ್ರಿ, ಪ್ರತಿ ಫ್ಲೋರಿಗೂ ಕ್ಯಾಮೆರಾ ಅವ, ನಿಮ್ ಮೊಬೈಲ್‌ದಾಗೇ ನೋಡಬಹುದು." ತನ್ನ ಫೋನು ತೆಗೆದು ತೋರಿಸಿದ. ಖಾಲಿ ಕಾರಿಡಾರು, ಮೂಲೆಯಲ್ಲಿ ಒಂದು ಬಕೆಟ್ಟು.

ತಂಗಿ ನನ್ನ ತೋಳು ಜಗ್ಗಿದಳು. "ಅಣ್ಣಾ, ಸಾಕು ಬಿಡು. ಎಲ್ಲಾ ಕಡೀನೂ ಈಗ ಹಿಂಗೇ ಅದ." ಹುಡುಗನಿಗೂ ಅಲ್ಲೇ ಸೇರುವ ಮನಸ್ಸಿತ್ತು, ಅವನ ಗೆಳೆಯರೆಲ್ಲ ಅಲ್ಲೇ ಸೇರಿದ್ದರು. ಮೊದಲ ಕಂತು ಕಟ್ಟಿ ರಸೀದಿ ತಗೊಂಡೆವು. ಕ್ಯಾಮೆರಾದ ಆ್ಯಪ್ ನನ್ನ ಫೋನಿಗೂ ಹಾಕಿಕೊಟ್ಟರು.